ಅಡಿಗೆ ಮಾಡಿದವರಿಗೂ ಒಂದು ತಟ್ಟೆ

ಪಾಸ್ಖ ಕಾಲದ ನಾಲ್ಕನೆಯ ಭಾನುವಾರವನ್ನು ಧರ್ಮಸಭೆಯು ಉತ್ತಮ ಕುರಿಗಾಹಿಯ ಭಾನುವಾರವೆಂದು ಆಚರಿಸುತ್ತದೆ. 1964ರಿಂದೀಚೆಗೆ ದೈವಕರೆಗಳಿಗಾಗಿ ವಿಶ್ವ ಪ್ರಾರ್ಥನಾ ದಿನವೂ ಅದೇ ಭಾನುವಾರ ನಡೆಯುತ್ತದೆ. ಕಳೆದ ಸಲ ಆ ದಿನ ಬೆಳಗಿನ ಬಲಿಪೂಜೆ ಮುಗಿಸಿ ನಾವು ಪೂಜಾವಸ್ತ್ರ ಕಳಚುತ್ತಿದ್ದಾಗ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಹೇಳಿದಳು: "ಸ್ವಾಮಿ, ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೆ ಬರಬೇಕಂತೆ. ತಾತ ಶೆಫರ್ಡ್ಸ್ ಪೈ ಮಾಡಿಸ್ತಾ ಇದಾರೆ. ಇವತ್ತು ಕುರಿಗಾಹಿಯ ಭಾನುವಾರ ಅಲ್ವಾ, ಅದಕ್ಕೇ."

ನಮಗೆ ನಗು ಬಂದಿತು. ಆ ಹೆಸರಿನ ತಿನಿಸನ್ನು ನಾವು ಕೇಳಿಲ್ಲದೆ ಇರಲಿಲ್ಲ. ಆದರೆ ನಮ್ಮ ಜನರ ಮನೆಯೊಂದರಲ್ಲಿ ಅದನ್ನು ಮಾಡುವುದನ್ನು ಕಂಡಿರಲಿಲ್ಲ. ಕೊಡಗಿನ ಕಥೋಲಿಕ ಮನೆಗಳಲ್ಲಿ ಭಾನುವಾರದ ಊಟವೆಂದರೆ ಹಂದಿ ಮಾಂಸದ ಸಾರು ಮತ್ತು ಕಡಂಬುಟ್ಟು. ಕೊಂಕಣಿ ಮನೆಯಾದರೆ ಸಾನ್ನಾಂ, ಮಲಯಾಳಿ ಮನೆಯಾದರೆ ಅಪ್ಪ ಮತ್ತು ಸ್ಟ್ಯೂ, ತಮಿಳು ಮನೆಯಾದರೆ ಕೋಳಿ ಸಾರು ಮತ್ತು ಅನ್ನ. ಈ ನಡುವೆ ಆಂಗ್ಲರ ಪೈ ಎಲ್ಲಿಂದ ಬಂದಿತು?

ಬಂದದ್ದು ಬಂಗಲೆಯ ಅಡಿಗೆಮನೆಯಿಂದ. ಆ ಮನೆಯ ಹಿರಿಯರಿಗೆ ಈಗ ಎಂಬತ್ತು ದಾಟಿದೆ. ಹದಿಹರೆಯದಲ್ಲಿ ಕಾಫಿ ತೋಟವೊಂದರ ಬಂಗಲೆಗೆ ಪಾತ್ರೆ ತೊಳೆಯುವ ಹುಡುಗನಾಗಿ ಸೇರಿದವರು ಅಲ್ಲಿಯೇ ಅಡಿಗೆ ಕಲಿತು, ಬಟ್ಲರ್ ಎನಿಸಿಕೊಂಡು, ಸುಮಾರು ನಲವತ್ತು ವರ್ಷ ಆ ಒಲೆಯ ಮುಂದೆ ಕಳೆದವರು. ಮೊದಲು ಆಂಗ್ಲ ಮ್ಯಾನೇಜರರು, ಅನಂತರ ನಮ್ಮ ದೇಶದವರೇ ಆದ ಮ್ಯಾನೇಜರರು ಅವರ ಕೈಯಡಿಗೆಯನ್ನು ಉಂಡರು. ಅತಿಥಿಗಳು ಬಂದಾಗಲೆಲ್ಲ ಆ ಪೈ ಮಾಡಬೇಕಿತ್ತಂತೆ. ತಮ್ಮ ಸ್ವಂತ ಮನೆಯಲ್ಲಿ ಅವರು ಒಂದು ಬಾರಿಯೂ ಅದನ್ನು ಮಾಡಿರಲಿಲ್ಲ. ಲೈನ್ ಮನೆಯಲ್ಲಿ ಅವನ್ ಎಲ್ಲಿಂದ ಬರಬೇಕು? ಕುರಿ ಮಾಂಸ ಕೊಳ್ಳುವ ದುಡ್ಡು ಎಲ್ಲಿಂದ ಬರಬೇಕು? ಈಗ ಮೊಮ್ಮಗಳು ಹಟ ಹಿಡಿದಿದ್ದಳು: "ನೀವು ಊರಿಗೆಲ್ಲಾ ಮಾಡಿ ಹಾಕಿದ್ದನ್ನು ನಮಗೂ ಕಲಿಸಿ ತಾತ."

ನಾವು ಊಟದ ಹೊತ್ತಿಗಿಂತ ಮೊದಲೇ ಹೋದೆವು. ಅಡಿಗೆಯನ್ನು ನೋಡುವ ಆಸೆಯೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಈ ತಿನಿಸಿನ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು. ಬೇಯಿಸಿದ ಕೊಚ್ಚಿದ ಮಾಂಸವನ್ನು ಕೆಳಗೆ ಹರಡಿ, ಅದರ ಮೇಲೆ ಹಿಸುಕಿದ ಆಲೂಗಡ್ಡೆಯ ಹೊದಿಕೆ ಹಾಸಿ, ಮೇಲ್ಮೈ ಕೆಂಪಗಾಗುವಂತೆ ಸುಡುವ ಒಂದು ಬಡವರ ಅಡಿಗೆ ಇದು. 1791ರಲ್ಲಿಯೇ ಜೇಮ್ಸ್ ವುಡ್‌ಫರ್ಡ್ ಎಂಬ ಇಂಗ್ಲೆಂಡಿನ ಹಳ್ಳಿಯ ಪಾದ್ರಿಯೊಬ್ಬರು ತಮ್ಮ ದಿನಚರಿಯಲ್ಲಿ 'ಕಾಟೇಜ್ ಪೈ' ಎಂಬ ಹೆಸರನ್ನು ಬರೆದಿಟ್ಟಿದ್ದಾರೆ. ಕಾಟೇಜ್ ಎಂದರೆ ಗುಡಿಸಲು. 'ಶೆಫರ್ಡ್ಸ್ ಪೈ' ಎಂಬ ಹೆಸರು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಳಕೆಗೆ ಬಂದಿತು. ಕುರಿ ಮಾಂಸವಾದರೆ ಕುರಿಗಾಹಿಯ ಪೈ, ದನದ ಮಾಂಸವಾದರೆ ಗುಡಿಸಲಿನ ಪೈ ಎಂಬ ಕಟ್ಟುನಿಟ್ಟಿನ ಭೇದ ಇನ್ನೂ ಈಚಿನದು. ಭಾನುವಾರ ಇಡಿಯಾಗಿ ಸುಟ್ಟ ಮಾಂಸದಲ್ಲಿ ಉಳಿದದ್ದನ್ನು ಸೋಮವಾರ ಕೊಚ್ಚಿ, ಅಗ್ಗದ ಆಲೂಗಡ್ಡೆಯನ್ನು ಕೂಡಿಸಿ, ಇಡೀ ಸಂಸಾರದ ಹೊಟ್ಟೆ ತುಂಬಿಸುವ ಗೃಹಿಣಿಯ ಜಾಣ್ಮೆ ಇದರ ಮೂಲ. ಜನಸಮೂಹ ಉಂಡು ತೃಪ್ತವಾದ ಮೇಲೆ ಉಳಿದ ತುಂಡುಗಳು ಹಾಳಾಗದಂತೆ ಕೂಡಿಸಿರೆಂದು ಶಿಷ್ಯರಿಗೆ ಹೇಳಿದ ಪ್ರಭುವಿಗೆ ಈ ಜಾಣ್ಮೆ ಮೆಚ್ಚುಗೆಯಾಗುತ್ತಿತ್ತು ಎಂದೇ ನಮ್ಮ ಭಾವನೆ.

ಆ ಪಾದ್ರಿ ದಿನಚರಿ ಬರೆದ ಮರುವರ್ಷ, ಅಂದರೆ 1792ರಲ್ಲಿ, ಇಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ದೇವಾಲಯ ಸ್ಥಾಪನೆಯಾಯಿತು. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು, ಮನೆಮಠ ಕಳೆದುಕೊಂಡು ಬಂದ ಕರಾವಳಿಯ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸರು ನೆಲೆ ಕೊಟ್ಟರು. 1834ರಲ್ಲಿ ಕೊಡಗು ಆಂಗ್ಲರ ಕೈಸೇರಿತು. 1854ರಲ್ಲಿ ಫೌಲರ್ ಎಂಬುವರು ಮಡಿಕೇರಿಯ ಬಳಿ ಕಾಫಿ ತೋಟ ತೆರೆದರು. ತೋಟಗಳ ಜೊತೆ ಬಂಗಲೆಗಳು ಬಂದವು, ಬಂಗಲೆಗಳಿಗೆ ಅಡಿಗೆಯವರು ಬೇಕಾದರು. ಯಾವ ಮಾಂಸದ ಅಡಿಗೆಗೂ ಹಿಂಜರಿಯದ ನಮ್ಮವರಲ್ಲಿ ಹಲವರು ಆ ಕೆಲಸಕ್ಕೆ ಸೇರಿದರು. ಹೀಗೆ ಆಂಗ್ಲ ಗುಡಿಸಲಿನ ಬಡ ಅಡಿಗೆ ಕಡಲು ದಾಟಿ ಬಂದು ಕೊಡಗಿನಲ್ಲಿ ದೊರೆಗಳ ಮೇಜಿನ ಅಡಿಗೆಯಾಯಿತು. ಅದನ್ನು ಮಾಡಿದ ಬಡವನ ಗುಡಿಸಲಿಗೆ ಮಾತ್ರ ಅದು ಬರಲಿಲ್ಲ.

ಆ ಭಾನುವಾರ ಬಂದಿತು. ಹಿರಿಯರು ಅಡಿಗೆಮನೆಯ ನಡುವೆ ಒಂದು ಮಣೆಯ ಮೇಲೆ ಕುಳಿತು, ಹೆಗಲ ಮೇಲೆ ಹಳೆಯ ಅಭ್ಯಾಸದ ಬಿಳಿಯ ವಸ್ತ್ರ ಹಾಕಿಕೊಂಡು, ಎಲ್ಲರಿಗೂ ಕೆಲಸ ಹಂಚುತ್ತಿದ್ದರು. ಆರೇಳು ಜನರ ಊಟಕ್ಕೆ ಮುಕ್ಕಾಲು ಕಿಲೋ ಕುರಿಯ ಕೈಮಾ, ಒಂದೂಕಾಲು ಕಿಲೋ ಆಲೂಗಡ್ಡೆ. ಕೊಡಗಿನ ಮಳೆಗೆ ಕುರಿ ಸಾಕಣೆ ಒಗ್ಗದು. ಮಾಂಸವೆಲ್ಲ ಮೈಸೂರು ಸೀಮೆಯ ಬಯಲಿನದು. ಬನ್ನೂರು ಕುರಿ ಸಿಕ್ಕಿದರೆ ಅದೃಷ್ಟ ಎಂದರು ಅವರು. ಆಲೂಗಡ್ಡೆ ಹಾಸನದ ಕಡೆಯದು. ಮಗ ಈರುಳ್ಳಿ ಮೂರನ್ನು ಸಣ್ಣಗೆ ಹೆಚ್ಚಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕಿರಿಯ ಮೊಮ್ಮಗ ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದ. ಮೊಮ್ಮಗಳು ಬಾಣಲೆಯ ಮುಂದೆ.

ಈರುಳ್ಳಿ ಕೆಂಪಗಾದ ಮೇಲೆ ಕೈಮಾ ಹಾಕಿ, ನೀರೆಲ್ಲ ಆರುವ ತನಕ ಹುರಿಯಬೇಕು. ಸಣ್ಣಗೆ ಕತ್ತರಿಸಿದ ಎರಡು ಕ್ಯಾರೆಟ್, ಒಂದು ಹಿಡಿ ಬಟಾಣಿ, ಉಪ್ಪು, ಒಂದು ಚಮಚ ಮೈದಾ, ಎರಡು ಲೋಟ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಬೇಕು. ನಮ್ಮ ತೋಟದ ಕರಿಮೆಣಸನ್ನು ಆಗತಾನೇ ಕುಟ್ಟಿ ಹಾಕಬೇಕು. ಬಂಗಲೆಯಲ್ಲಿ ವಿಲಾಯತಿ ಸಾಸ್ ಬಾಟಲಿ ಖಾಲಿಯಾದ ದಿನಗಳಲ್ಲಿ ಅವರು ಕಾಲು ಚಮಚ ಕಾಚಂಪುಳಿ ಹಾಕುತ್ತಿದ್ದರಂತೆ. ದೊರೆಗಳು ಆ ದಿನವೇ ಹೆಚ್ಚು ಹೊಗಳುತ್ತಿದ್ದರಂತೆ. ಕೈಮಾ ಗಟ್ಟಿಯಾಗಿರಬೇಕು, ತೆಳುವಾಗಿದ್ದರೆ ಮೇಲಿನ ಆಲೂಗಡ್ಡೆ ಅದರೊಳಗೆ ಮುಳುಗುತ್ತದೆ. ಆಲೂಗಡ್ಡೆಯನ್ನು ಬಿಸಿಯಿರುವಾಗಲೇ ಹಿಸುಕಿ, ಐವತ್ತು ಗ್ರಾಂ ಬೆಣ್ಣೆ, ಅರ್ಧ ಲೋಟ ಬಿಸಿ ಹಾಲು ಸೇರಿಸಿ ಮೆತ್ತಗೆ ಮಾಡಬೇಕು. ಅದನ್ನು ಕೈಮಾದ ಮೇಲೆ ಪಾತ್ರೆಯ ಅಂಚಿನವರೆಗೂ ಹರಡಿದರೆ ಒಳಗಿನ ರಸ ಹೊರಗೆ ಉಕ್ಕುವುದಿಲ್ಲ. ಕೊನೆಗೆ ಫೋರ್ಕಿನಿಂದ ಉದ್ದಕ್ಕೂ ಗೆರೆ ಎಳೆಯಬೇಕು. ಆ ಗೆರೆಗಳ ಏರುಗಳೇ ಮೊದಲು ಕೆಂಪಾಗಿ ಗರಿಗರಿಯಾಗುವುದು. ಉಳುಮೆ ಮಾಡಿದ ಗದ್ದೆಯಂತೆ ಕಾಣಬೇಕು ಎಂದು ತಾತ ಹೇಳಿದಾಗ, ಗದ್ದೆ ಉಳುವ ಆ ಕೆಲಸವನ್ನು ಕಿರಿಯ ಮೊಮ್ಮಗ ತಾನೇ ಮಾಡುವೆನೆಂದು ಫೋರ್ಕ್ ಕಿತ್ತುಕೊಂಡ.

ಆ ಮನೆಯಲ್ಲಿ ಈಗ ಸಣ್ಣ ವಿದ್ಯುತ್ ಅವನ್ ಇದೆ. ಇನ್ನೂರು ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕು. ಬಂಗಲೆಯಲ್ಲಿ ಕೆಲವೊಮ್ಮೆ ಅವರು ದಪ್ಪ ತಳದ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಇದೇ ಕೆಲಸ ಮಾಡುತ್ತಿದ್ದರಂತೆ. ಕಟ್ಟಿಗೆ ಒಲೆಯಿರುವ ಮನೆಯವರಿಗೆ ಆ ದಾರಿ ಇಂದಿಗೂ ತೆರೆದಿದೆ.

ಪಾತ್ರೆ ಅವನ್ನಿನೊಳಗೆ ಹೋದ ಮೇಲೆ ನಾವು ಗಮನಿಸಿದ ಒಂದು ಸಂಗತಿಯೇ ಈ ಲೇಖನಕ್ಕೆ ಕಾರಣ. ಅಡಿಗೆಮನೆಯಲ್ಲಿ ಮಾಡಲು ಯಾರಿಗೂ ಏನೂ ಉಳಿದಿರಲಿಲ್ಲ. ಒಲೆ ಆರಿತ್ತು. ಪಾತ್ರೆಗಳನ್ನು ತೊಳೆದಾಗಿತ್ತು. ಊಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ರೊಟ್ಟಿಯನ್ನು ಬಿಸಿಬಿಸಿಯಾಗಿ ಹಾಕಿಕೊಡಲು, ದೋಸೆ ಹುಯ್ಯಲು, ಮೀನು ಕಾಯಿಸಿ ಬಡಿಸಲು ಯಾರೂ ಒಲೆಯ ಮುಂದೆ ನಿಲ್ಲಬೇಕಾಗಿರಲಿಲ್ಲ. ಅಂದರೆ ಅಡಿಗೆ ಮಾಡಿದವರೂ ಎಲ್ಲರೊಡನೆ ಕುಳಿತು, ಎಲ್ಲರಷ್ಟೇ ಬಿಸಿಯಾಗಿ ಉಣ್ಣಲು ಸಾಧ್ಯವಾಗುವ ಊಟ ಅದಾಗಿತ್ತು.

ಆದರೂ ಮೇಜಿನ ಮೇಲೆ ಪಾತ್ರೆ ಬಂದು, ನಾವು ಪ್ರಾರ್ಥನೆಗಾಗಿ ಕೈಜೋಡಿಸಿದಾಗ, ಆ ಹಿರಿಯರು ಗೋಡೆಯ ಬಳಿ ನಿಂತೇ ಇದ್ದರು. ನಲವತ್ತು ವರ್ಷ ಅದೇ ತಿನಿಸನ್ನು ಬಡಿಸಿ ಅದೇ ರೀತಿ ಗೋಡೆಯ ಬಳಿ ನಿಂತ ಕಾಲುಗಳು. ಮೊಮ್ಮಗಳು ಕುರ್ಚಿ ಎಳೆದು, "ತಾತ, ಇದು ಬಂಗಲೆ ಅಲ್ಲ, ಕೂತ್ಕೊಳ್ಳಿ" ಎಂದಳು. ಅವರು ಸಂಕೋಚದಿಂದ ಕುಳಿತರು. ಮೊದಲ ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ ನಮ್ಮ ಕಡೆ ತಿರುಗಿ ಹೇಳಿದರು: "ಸ್ವಾಮಿ, ಉಪ್ಪು ನೋಡೋದಕ್ಕೆ ಚಮಚದ ತುದಿಯಲ್ಲಿ ಎಷ್ಟೋ ಸಲ ನಾಲಿಗೆಗೆ ಇಟ್ಟಿದ್ದೀನಿ. ಕೂತುಕೊಂಡು ಬಿಸೀಲಿ ತಿಂದದ್ದು ಇವತ್ತೇ. ಇದು ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರಲಿಲ್ಲ."

ನಾವೆಲ್ಲರೂ ನಕ್ಕೆವು. ಅವರು ನಗಲಿಲ್ಲ. ಅವರ ಕಣ್ಣು ಅಡಿಗೆಮನೆಯ ಬಾಗಿಲಿನ ಕಡೆಗಿತ್ತು. ಅಲ್ಲಿ ಅವರ ಸೊಸೆ ಕೈಯಲ್ಲಿ ನೀರಿನ ಜಗ್ಗು ಹಿಡಿದು ನಿಂತಿದ್ದರು. ಅಂದಿನ ಅಡಿಗೆಯಲ್ಲಿ ಬೆಳಿಗ್ಗೆಯಿಂದ ಸಾಮಾನು ಹೊಂದಿಸಿ, ಪಾತ್ರೆ ತೊಳೆದು, ಮೇಜು ಸಿದ್ಧಪಡಿಸಿದವರು ಅವರೇ. ಮೇಜಿನ ಸುತ್ತ ತಟ್ಟೆಗಳನ್ನು ಇಟ್ಟವರೂ ಅವರೇ, ತಮ್ಮದೊಂದನ್ನು ಇಟ್ಟಿರಲಿಲ್ಲ. ಹಿರಿಯರು ಹೇಳಿದರು: "ನೀನೂ ಬಾ ತಾಯಿ, ಕೂತ್ಕೋ. ನಿಂತವರ ಕಾಲುನೋವು ನನಗೆ ಗೊತ್ತು."

ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಸೊಸೆಯನ್ನು ಮಗಳಂತೆ ಕಾಣುವ ಮನೆ ಅದು. ಆದರೂ ಆರು ಜನ ಕುಳಿತಾಗ ಏಳನೆಯವರು ನಿಂತಿರುವುದು ಅಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಮ್ಮ ಕಣ್ಣಿಗೂ ಬಿದ್ದಿರಲಿಲ್ಲ. ಜೀವಮಾನವಿಡೀ ನಿಂತು ಬಡಿಸಿದ ಒಬ್ಬರು ಮೊದಲ ಸಲ ಕುಳಿತ ಮೇಲೆಯೇ ಅದು ಕಂಡಿತು.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ನಾವು ಬಾಯಿಪಾಠ ಮಾಡಿದ್ದೆವು. ಒಂದು ವಸ್ತು ಏತರಿಂದ ಆಯಿತು, ಯಾವ ರೂಪ ತಾಳಿತು, ಯಾರಿಂದ ಆಯಿತು, ಯಾವುದಕ್ಕಾಗಿ ಆಯಿತು ಎಂಬ ನಾಲ್ಕು ಪ್ರಶ್ನೆಗಳು ಅವು. ಉದಾಹರಣೆಗೆ ಪುಸ್ತಕಗಳಲ್ಲಿ ಕಂಚಿನ ಪ್ರತಿಮೆ ಇರುತ್ತಿತ್ತು. ಅದರ ಬದಲು ಈ ಪೈಯನ್ನು ಇಟ್ಟಿದ್ದರೆ ನಮಗೆ ಬೇಗ ಅರ್ಥವಾಗುತ್ತಿತ್ತೇನೋ. ಮಾಂಸ ಮತ್ತು ಆಲೂಗಡ್ಡೆ ಅದರ ಉಪಾದಾನ. ಕೆಳಗೊಂದು ಮೇಲೊಂದು ಪದರವಾಗಿ ನಿಂತದ್ದು ಅದರ ರೂಪ. ಅಡಿಗೆಯವರ ಕೈ ಅದರ ನಿಮಿತ್ತ. ನಾಲ್ಕನೆಯದು ಉದ್ದೇಶ. ಎಲ್ಲ ಕಾರಣಗಳಿಗೂ ಕಾರಣವಾದುದು ಈ ಉದ್ದೇಶವೇ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಹಾಗಾದರೆ ಮನೆಯ ಅಡಿಗೆಯ ಉದ್ದೇಶವೇನು? ಹೊಟ್ಟೆ ತುಂಬಿಸುವುದೇ ಆದರೆ ಹೋಟೆಲಿನ ಪೊಟ್ಟಣವೂ ಆ ಕೆಲಸ ಮಾಡುತ್ತದೆ. ಮನೆಯ ಅಡಿಗೆಯ ಉದ್ದೇಶ ಮನೆಯವರು ಒಂದಾಗಿ ಉಣ್ಣುವುದು. ಆ ಉದ್ದೇಶದಿಂದ ಅಡಿಗೆ ಮಾಡಿದವರನ್ನೇ ಹೊರಗಿಟ್ಟರೆ, ಉಳಿದ ಮೂರು ಕಾರಣಗಳು ಎಷ್ಟೇ ರುಚಿಯಾಗಿದ್ದರೂ ಅಡಿಗೆ ಅಪೂರ್ಣವೇ.

ಅದೇ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಸ್ನೇಹದ ಬಗ್ಗೆ ಹೇಳುತ್ತಾ, ಒಟ್ಟಿಗೆ ಉಪ್ಪು ಉಂಡ ಹೊರತು ಜನರು ಒಬ್ಬರನ್ನೊಬ್ಬರು ಅರಿಯಲಾರರು ಎಂಬ ಗಾದೆಯನ್ನು ನೆನೆಯುತ್ತಾನೆ. ಇನ್ನೊಂದೆಡೆ, ದನಗಳು ಒಂದೇ ಕಡೆ ಮೇಯುವಂತೆ ಇರುವುದು ಮನುಷ್ಯರ ಸಹಜೀವನವಲ್ಲ, ಮಾತು ಮತ್ತು ಯೋಚನೆಯನ್ನು ಹಂಚಿಕೊಳ್ಳುವುದೇ ಸಹಜೀವನ ಎನ್ನುತ್ತಾನೆ. ಇಂದು ಒಂದೇ ಮನೆಯಲ್ಲಿ ಒಬ್ಬರು ಟಿ.ವಿ. ಮುಂದೆ, ಒಬ್ಬರು ಮೊಬೈಲ್ ಹಿಡಿದು, ಒಬ್ಬರು ಒಲೆಯ ಮುಂದೆ ನಿಂತು ಬೇರೆ ಬೇರೆ ಹೊತ್ತಿನಲ್ಲಿ ಉಣ್ಣುವುದನ್ನು ಕಂಡರೆ ಆ ಮಾತು ನೆನಪಾಗುತ್ತದೆ. 2025ರಲ್ಲಿ ಪ್ರಭುವಿನಲ್ಲಿ ನಿದ್ರೆಹೋದ ಜಗದ್ಗುರು ಫ್ರಾನ್ಸಿಸರು 2015ರ ನವೆಂಬರ್ 11ರ ಬೋಧನೆಯಲ್ಲಿ ಇದನ್ನೇ ಎತ್ತಿದ್ದರು. ಒಟ್ಟಿಗೆ ಉಣ್ಣದ, ಉಣ್ಣುವಾಗ ಮಾತಾಡದೆ ಟಿ.ವಿ.ಯನ್ನೋ ಫೋನನ್ನೋ ನೋಡುವ ಕುಟುಂಬವನ್ನು ಕುಟುಂಬವೆನ್ನುವುದೇ ಕಷ್ಟ ಎಂಬುದು ಅವರ ಮಾತಿನ ತಾತ್ಪರ್ಯ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿಯೇ ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆದಿತ್ತು. ದೇವಾಲಯದಲ್ಲಿ ಪರಮಪ್ರಸಾದಕ್ಕೆ ಯಾರನ್ನೂ ಕೊನೆಯ ಪಂಕ್ತಿಯವರೆಂದು ಬಾಗಿಲ ಹಿಂದೆ ನಿಲ್ಲಿಸುವುದಿಲ್ಲ. ಗೃಹ ಧರ್ಮಸಭೆಯಲ್ಲಿ ನಿಲ್ಲಿಸುವುದೇಕೆ?

ಇದು ಒಂದು ಮನೆಯ ಮಾತಲ್ಲ. ಭಾರತ ಸರ್ಕಾರದ ಅಂಕಿಅಂಶ ಕಚೇರಿಯು 2019ರಲ್ಲಿ ದೇಶದ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದವರು ಮಹಿಳೆಯರಲ್ಲಿ ನೂರಕ್ಕೆ 81, ಪುರುಷರಲ್ಲಿ ನೂರಕ್ಕೆ 26. ಹಾಗೆ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ತೊಡಗಿದ ಪುರುಷರು ಕೊಟ್ಟದ್ದು 97 ನಿಮಿಷ. ಹೆಚ್ಚುಕಡಿಮೆ ಐದು ಗಂಟೆಗೆ ಒಂದೂವರೆ ಗಂಟೆ. ಈ ಅಂಕಿಗಳಲ್ಲಿ ಸೇರದ ಇನ್ನೊಂದು ಲೆಕ್ಕವಿದೆ: ಬಿಸಿಯಾಗಿ ಉಂಡವರೆಷ್ಟು, ತಣ್ಣಗಾದ ಮೇಲೆ ಉಂಡವರೆಷ್ಟು?

ಕೆಲವರು ಹೇಳಬಹುದು: "ಸ್ವಾಮಿಗಳೇ, ಬಡಿಸುವುದು ನಮ್ಮ ಸಂಸ್ಕೃತಿ. ಅತಿಥಿಗಳು, ಹಿರಿಯರು, ಮಕ್ಕಳು ಉಂಡ ಮೇಲೆ ಉಣ್ಣುವುದು ತಾಯಿಯ ತ್ಯಾಗ." ಅತಿಥಿ ಸತ್ಕಾರವನ್ನು ನಾವು ಹೀಗಳೆಯುವುದಿಲ್ಲ. ಆದರೆ ತ್ಯಾಗವೆನ್ನುವುದು ತಾನಾಗಿ ಕೊಡುವಂಥದು. ಹುಟ್ಟಿದಂದಿನಿಂದ ಒಬ್ಬರ ಪಾಲಿಗೆ ಮಾತ್ರ ಬರೆದಿಟ್ಟ ತ್ಯಾಗ ಕಟ್ಟಳೆಯಾಗುತ್ತದೆ. ಮನೆಯ ಗಂಡಸರೂ ವಾರಕ್ಕೊಮ್ಮೆ ಕೊನೆಗೆ ಉಂಡು ನೋಡಿದರೆ ಅದು ತ್ಯಾಗವೋ ಕಟ್ಟಳೆಯೋ ಎಂಬುದು ತಿಳಿದೀತು. "ಅವಳೇ ಆಮೇಲೆ ಉಣ್ಣುತ್ತೇನೆ ಎನ್ನುತ್ತಾಳೆ" ಎನ್ನುವವರೂ ಇದ್ದಾರೆ. ಆ ಹಿರಿಯರೂ ಬಂಗಲೆಯಲ್ಲಿ ನಲವತ್ತು ವರ್ಷ ಹಾಗೆಯೇ ಹೇಳುತ್ತಿದ್ದರು. ಕುರ್ಚಿ ಎಳೆದು ಕೊಡುವವರು ಇಲ್ಲದಿದ್ದಾಗ ಬೇರೇನು ಹೇಳಲು ಸಾಧ್ಯ?

ಶುಭಸಂದೇಶದಲ್ಲಿ ಮಾರ್ತಾ ಮತ್ತು ಮರಿಯ ಸೋದರಿಯರ ಪ್ರಸಂಗವನ್ನು ನಾವು ಎಷ್ಟೋ ಸಲ ಪ್ರಬೋಧಿಸಿದ್ದೇವೆ. ಪ್ರಭುವಿನ ಪಾದದ ಬಳಿ ಕುಳಿತ ಮರಿಯಳನ್ನು ಹೊಗಳಿ, ಬಡಿಸುವ ಕೆಲಸದಲ್ಲಿ ಮುಳುಗಿದ ಮಾರ್ತಾಳನ್ನು ಮೃದುವಾಗಿ ಗದರಿದ್ದೇವೆ. ಅನಂತರ ಯಾರದೋ ಮನೆಗೆ ಊಟಕ್ಕೆ ಹೋಗಿ, ಮಾರ್ತಾಳ ಕೈಯಿಂದ ಬಡಿಸಿಕೊಂಡು, ಹೊಟ್ಟೆ ತುಂಬ ಉಂಡು ಬಂದಿದ್ದೇವೆ. ಮಾರ್ತಾಳಿಗೂ ಕುಳಿತು ಕೇಳುವ ಆಸೆ ಇರಲಿಲ್ಲವೇ? ಅವಳ ಕೆಲಸವನ್ನು ನಾಲ್ಕು ಜನ ಹಂಚಿಕೊಂಡಿದ್ದರೆ ಅವಳೂ ಕುಳಿತಾಳು ಎಂಬ ಸರಳ ವಿಚಾರ ನಮ್ಮ ಪ್ರಬೋಧನೆಯಲ್ಲಿ ಬಂದದ್ದಿಲ್ಲ. ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡದಲ್ಲಿ, ರಾತ್ರಿಯಿಡೀ ದುಡಿದು ದಣಿದು ಬಂದ ಶಿಷ್ಯರಿಗಾಗಿ ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಸಿದ್ಧಪಡಿಸಿ, ಊಟಕ್ಕೆ ಬನ್ನಿರೆಂದು ಕರೆದವರು ಸ್ವತಃ ಪ್ರಭುವೇ ಎಂಬುದನ್ನು ಸಂತ ಯೊವಾನ್ನರು ಬರೆದಿದ್ದಾರೆ. ಒಲೆಯ ಮುಂದೆ ನಿಲ್ಲುವುದು ಗಂಡಸಿಗೆ ತಕ್ಕುದಲ್ಲವೆಂದು ಭಾವಿಸುವ ಕ್ರೈಸ್ತನು ಆ ಅಧ್ಯಾಯವನ್ನು ಇನ್ನೊಮ್ಮೆ ಓದಲಿ. ಅದಾದ ಮೇಲೆಯೇ ಪ್ರಭುವು ಪೇತ್ರನಿಗೆ ತಮ್ಮ ಕುರಿಗಳನ್ನು ಮೇಯಿಸುವ ಹೊಣೆ ಕೊಟ್ಟರು. ಮೊದಲು ತಾವೇ ಬಡಿಸಿ, ಅನಂತರ ಕುರಿಗಾಹಿಯನ್ನು ನೇಮಿಸಿದರು.

ಒಟ್ಟಿಗೆ ಉಣ್ಣುವ ಪಾಠ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ನಮ್ಮ ಕೊಡವ ನೆರೆಹೊರೆಯವರು ಪುತ್ತರಿಯ ದಿನ ಐನ್‌ಮನೆಯಲ್ಲಿ ಕೂಡುತ್ತಾರೆ. ಸೆಪ್ಟೆಂಬರ್ 8ರಂದು, ಕನ್ಯಾಮರಿಯಮ್ಮನವರ ಜನನೋತ್ಸವದ ದಿನ, ಕೊಂಕಣಿ ಕಥೋಲಿಕ ಕುಟುಂಬಗಳು ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಬೆರೆಸಿದ ಊಟವನ್ನು ಒಟ್ಟಾಗಿ ಕುಳಿತು ಉಣ್ಣುತ್ತವೆ. ದೂರದ ಊರಿನಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮಕ್ಕಳಿಗೆ ಅಂಚೆಯಲ್ಲಿ ಆ ಕಾಳನ್ನು ಕಳುಹಿಸುವ ಪದ್ಧತಿಯೂ ಉಂಟು. ಎಷ್ಟು ಸುಂದರವಾದ ಪದ್ಧತಿ! ಸಾವಿರಾರು ಮೈಲಿ ದೂರದಲ್ಲಿರುವ ಮಗನ ಪಾಲು ಮರೆಯದ ನಾವು, ಪಕ್ಕದ ಕೋಣೆಯಲ್ಲಿ ಒಲೆಯ ಮುಂದೆ ನಿಂತ ಅವನ ತಾಯಿಯ ಪಾಲನ್ನು ಉಳಿದ ದಿನಗಳಲ್ಲಿ ಮರೆಯುವುದು ಸರಿಯೇ?

ಹಾಗೆಂದು ಎಲ್ಲ ಮನೆಗಳಲ್ಲೂ ಆಂಗ್ಲರ ಪೈಯನ್ನೇ ಮಾಡಬೇಕೆಂದು ನಾವು ಹೇಳುವುದಿಲ್ಲ. ಕುರಿ ಮಾಂಸದ ಬೆಲೆ ನಮಗೆ ಗೊತ್ತಿಲ್ಲದ್ದಲ್ಲ. ಕೈಮಾ ಅರ್ಧ ಮಾಡಿ ತರಕಾರಿ ಹೆಚ್ಚಿಸಬಹುದು. ಕೋಳಿ ಮಾಂಸದಲ್ಲಿ ಮಾಡಬಹುದು. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಬೇಯಿಸಿದ ಕಡಲೆಕಾಳಿನಲ್ಲೋ ಅಣಬೆಯಲ್ಲೋ ಮಾಡಬಹುದು. ಪರದೇಶದ ಅಡಿಗೆ ನಮಗೇಕೆ ಎನ್ನುವವರಿಗೆ, ಆಲೂಗಡ್ಡೆಯೂ ಕಾಫಿಯೂ ಪರದೇಶದಿಂದ ಬಂದವೇ ಎಂದಷ್ಟೇ ಹೇಳುತ್ತೇವೆ. ಕೊಂಕಣಿಯ ಬಟಾಟೊ ಎಂಬ ಮಾತೇ ಪೋರ್ಚುಗೀಸರಿಂದ ಬಂದದ್ದು. ಅದೂ ಬೇಡವೆಂದರೆ ನಮ್ಮ ಕಡಂಬುಟ್ಟು, ನೂಪುಟ್ಟು, ಸಾನ್ನಾಂ ಇವೆಯಲ್ಲ! ಇವೆಲ್ಲ ಹಬೆಯಲ್ಲಿ ಒಮ್ಮೆಗೇ ಬೆಂದು, ಎಲ್ಲರೂ ಕುಳಿತುಕೊಳ್ಳುವ ಮೊದಲೇ ಸಿದ್ಧವಾಗುವಂಥವು. ಮುಖ್ಯವಾದದ್ದು ತಿನಿಸಿನ ಹೆಸರಲ್ಲ. ಭಾನುವಾರಕ್ಕೆ ಊಟವನ್ನು ಆರಿಸುವಾಗ ಏನು ರುಚಿ ಎಂಬುದರ ಜೊತೆ, ಇದನ್ನು ಮಾಡಿದವರು ನಮ್ಮೊಡನೆ ಕುಳಿತುಕೊಳ್ಳಲು ಸಾಧ್ಯವೇ ಎಂದೂ ಕೇಳಿರಿ. ಬಿಸಿ ಅಕ್ಕಿರೊಟ್ಟಿಯೇ ಬೇಕೆಂದರೆ ಸರದಿಯಂತೆ ಒಬ್ಬೊಬ್ಬರು ಎದ್ದು ಹಾಕಿರಿ. ರೊಟ್ಟಿ ಸೊಟ್ಟಗಾದರೂ ಚಿಂತೆಯಿಲ್ಲ.

ಕೊನೆಗೆ ಒಂದು ಮಾತನ್ನು ಹೇಳಿಕೊಳ್ಳಬೇಕು. ಆ ದಿನ ಗುರುಮನೆಗೆ ಹಿಂದಿರುಗುವಾಗ ನಮ್ಮ ತಾಯಿಯ ನೆನಪು ಬಂದಿತು. ಅವರು ತೀರಿಕೊಂಡು ವರ್ಷಗಳಾದವು. ಅವರ ಮುಖ, ದನಿ, ಜಪಸರದ ಮೇಲೆ ಓಡುತ್ತಿದ್ದ ಬೆರಳು ಎಲ್ಲವೂ ನೆನಪಿದೆ. ನಮಗೆ ಯಾವ ಅಡಿಗೆ ಇಷ್ಟವೆಂಬುದು ಅವರಿಗೆ ತಿಳಿದಿತ್ತು. ಸೆಮಿನರಿಯಿಂದ ರಜೆಗೆ ಬಂದಾಗಲೆಲ್ಲ ಅದನ್ನು ಮಾಡಿ ಬಡಿಸುತ್ತಿದ್ದರು. ಅವರಿಗೆ ಯಾವುದು ಇಷ್ಟವಾಗಿತ್ತು? ಎಷ್ಟು ಯೋಚಿಸಿದರೂ ನಮಗೆ ಹೊಳೆಯಲಿಲ್ಲ. ಏಕೆಂದರೆ ಅವರು ಉಣ್ಣುವುದನ್ನು ನಾವು ನೋಡಿಯೇ ಇಲ್ಲ. ನಾವು ಎದ್ದು ಕೈತೊಳೆದ ಮೇಲೆ, ಅಡಿಗೆಮನೆಯ ಮೂಲೆಯಲ್ಲಿ, ಉಳಿದದ್ದನ್ನು ಉಣ್ಣುತ್ತಿದ್ದರು. ಒಟ್ಟಿಗೆ ಉಪ್ಪು ಉಣ್ಣದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಆ ಹಳೆಯ ಗಾದೆ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ನಮಗೆ, ಅದರ ಅರ್ಥ ಆ ಸಂಜೆ ತಿಳಿಯಿತು. ಗುರುಗಳಾದ ಮೇಲೂ ಎಷ್ಟೋ ಮನೆಗಳ ಮೇಜನ್ನು ಆಶೀರ್ವದಿಸಿದೆವು. ಬಾಗಿಲ ಹಿಂದೆ ನಿಂತ ತಾಯಂದಿರನ್ನು ಒಮ್ಮೆಯೂ ಕರೆಯಲಿಲ್ಲ. ಆ ತಪ್ಪು ನಮ್ಮದು.

ಆದ್ದರಿಂದ ನಮ್ಮ ಧರ್ಮಕೇಂದ್ರದ ಮನೆಗಳಿಗೆ ಈಗ ಒಂದು ಬಿನ್ನಹ ಮಾಡಿದ್ದೇವೆ. ಈ ಅಂಕಣದ ಓದುಗರಲ್ಲಿಯೂ ಅದನ್ನೇ ಮಾಡುತ್ತೇವೆ. ಭಾನುವಾರದ ಊಟದ ಪ್ರಾರ್ಥನೆಗೆ ಮುನ್ನ ಮನೆಯ ಅತ್ಯಂತ ಕಿರಿಯ ಮಗು ಮೇಜಿನ ಮೇಲಿನ ತಟ್ಟೆಗಳನ್ನು ಎಣಿಸಲಿ, ಮನೆಯಲ್ಲಿರುವ ಜನರನ್ನೂ ಎಣಿಸಲಿ. ಎರಡೂ ಸಮವಾದ ಮೇಲೆ ಪ್ರಾರ್ಥನೆ ಆರಂಭವಾಗಲಿ. ನಮ್ಮನ್ನು ಊಟಕ್ಕೆ ಕರೆದ ಮನೆಗಳಲ್ಲಿಯೂ ಅಷ್ಟೇ: ಅಡಿಗೆ ಮಾಡಿದವರು ಬಂದು ಕುಳಿತುಕೊಳ್ಳುವವರೆಗೆ ನಾವು ಶಿಲುಬೆಯ ಗುರುತು ಹಾಕುವುದಿಲ್ಲ. ಊಟ ಸ್ವಲ್ಪ ಆರಿದರೆ ಆರಲಿ. ಇಷ್ಟು ವರ್ಷ ಅವರು ಆರಿದ್ದನ್ನೇ ಉಂಡಿದ್ದಾರೆ.